ಓಡಿನ್‌ನ ಎರಡು ಕಾಗೆಗಳು: ಎಡ್ಡಾದಿಂದ ವಿಡಿಯೋ ಗೇಮ್‌ವರೆಗೆ

ವಿಡಿಯೋ ಗೇಮ್ ಆಡುವ ಮಕ್ಕಳಿರುವ ಮನೆಗಳಲ್ಲಿ ಹುಗಿನ್ ಮತ್ತು ಮುನಿನ್ ಎಂಬ ಹೆಸರುಗಳು ಇಂದು ಅಪರಿಚಿತವಲ್ಲ. ಉತ್ತರ ಯುರೋಪಿನ ನಾರ್ಸ್ ಜನರ ದೇವಾಧಿಪತಿಯಾದ ಓಡಿನ್‌ನ ಬಳಿ ಇರುವ ಎರಡು ಕಾಗೆಗಳ ಹೆಸರುಗಳಿವು. ಸೋನಿ ಸಂಸ್ಥೆಯ ಸ್ಯಾಂಟಾ ಮೋನಿಕಾ ಸ್ಟುಡಿಯೋ 2018ರ ಏಪ್ರಿಲ್‌ನಲ್ಲಿ ಹೊರತಂದ ‘ಗಾಡ್ ಆಫ್ ವಾರ್’ ಆಟದಲ್ಲಿ ಹಸಿರು ಬೆಳಕು ಸೂಸುವ 51 ಕಾಗೆಗಳನ್ನು ಹುಡುಕಿ, ಕೊಡಲಿ ಎಸೆದು ಉರುಳಿಸುವುದೇ ಒಂದು ಪ್ರತ್ಯೇಕ ಸವಾಲು. ಅವೆಲ್ಲ ಓಡಿನ್‌ನ ಗೂಢಚಾರರು ಎಂಬುದು ಆಟದ ವಿವರಣೆ. ಮೂಲ ಕಥೆಯಲ್ಲಾದರೋ ಕಾಗೆಗಳು ಎರಡೇ. ಅವುಗಳನ್ನು ದಿನವೂ ಹೊರಗೆ ಕಳುಹಿಸುವ ದೇವರು, ಅವು ಹಿಂದಿರುಗುವವೋ ಇಲ್ಲವೋ ಎಂದು ಅಂಜುತ್ತ ಕಾಯುತ್ತಾನೆ. ಆಟಗಳಲ್ಲಿ ಬಹುಮಟ್ಟಿಗೆ ಮರೆಯಾಗಿರುವುದು ಈ ಅಂಜಿಕೆಯೇ.

ಮೊದಲಿಗೆ ಹಕ್ಕಿಯ ಕುರಿತು ಒಂದು ಮಾತು. ಓಡಿನ್‌ನ ಪಕ್ಷಿಗೆ ಇಂಗ್ಲಿಷಿನಲ್ಲಿ ರೇವನ್ ಎನ್ನುತ್ತಾರೆ. ಇದು ಕಾಗೆಯ ಕುಲಕ್ಕೇ ಸೇರಿದ್ದಾದರೂ ನಮ್ಮ ಊರುಕಾಗೆಗಿಂತ ಬಹಳ ದೊಡ್ಡದು; ತೂಕ ಒಂದು ಕಿಲೋಗ್ರಾಂ ದಾಟುತ್ತದೆ, ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಹೆಚ್ಚು ಅಗಲ. ಭಾರತದಲ್ಲಿ ಇದು ಹಿಮಾಲಯದಲ್ಲೂ ವಾಯವ್ಯದ ಒಣ ಸೀಮೆಯಲ್ಲೂ ಕಾಣಸಿಗುತ್ತದೆ, ಕರ್ನಾಟಕದಲ್ಲಿಲ್ಲ. ಇಲ್ಲಿರುವುದು ಕುತ್ತಿಗೆ ಬೂದಿಬಣ್ಣದ ಊರುಕಾಗೆ ಮತ್ತು ಮೈಯೆಲ್ಲ ಕಪ್ಪಾದ ಕಾಡುಕಾಗೆ. ಕನ್ನಡದಲ್ಲಿ ರೇವನ್‌ಗೆ ಎಲ್ಲರ ಬಾಯಲ್ಲಿ ನಿಂತ ಪ್ರತ್ಯೇಕ ಹೆಸರಿಲ್ಲದ ಕಾರಣ ಈ ಲೇಖನದಲ್ಲಿ ಕಾಗೆ ಎಂದೇ ಕರೆಯಲಾಗಿದೆ.

ಮೂಲದಲ್ಲಿ ಏನಿದೆ?

ಹುಗಿನ್ ಎಂದರೆ ಆಲೋಚನೆ. ಮುನಿನ್ ಎಂದರೆ ನೆನಪು ಅಥವಾ ಮನಸ್ಸು. ಇವುಗಳ ಉಲ್ಲೇಖ ಮುಖ್ಯವಾಗಿ ಐಸ್‌ಲೆಂಡಿನ ಹಳೆಯ ಗ್ರಂಥಗಳಲ್ಲಿ ದೊರೆಯುತ್ತದೆ. ‘ಪದ್ಯ ಎಡ್ಡಾ’ ಎಂಬ ಸಂಕಲನದಲ್ಲಿರುವ ‘ಗ್ರಿಮ್ನಿಸ್ಮಾಲ್’ ಎಂಬ ಕವಿತೆಯಲ್ಲಿ ವೇಷ ಮರೆಸಿಕೊಂಡ ಓಡಿನ್ ತಾನೇ ಈ ಕಾಗೆಗಳ ವಿಚಾರ ಹೇಳುತ್ತಾನೆ. ಅವು ಪ್ರತಿದಿನ ಭೂಮಿಯ ಮೇಲೆ ಹಾರುತ್ತವೆ. ಆಲೋಚನೆ ಹಿಂದಿರುಗದೆ ಹೋದೀತೆಂಬ ಭಯ ತನಗಿದೆ, ನೆನಪು ಹಿಂದಿರುಗದೆ ಹೋದೀತೆಂಬ ಭಯ ಇನ್ನೂ ಹೆಚ್ಚು ಎಂಬುದು ಆತನ ಮಾತಿನ ಸಾರಾಂಶ. ಲೋಕವನ್ನೆಲ್ಲ ಆಳುವ ದೇವರು ಸಾವಿಗಿಂತಲೂ ಮರೆವಿಗೆ ಹೆದರುತ್ತಾನೋ ಎನ್ನಿಸುವ ಈ ಮಾತಿಗೆ ವಿದ್ವಾಂಸರು ಬಗೆಬಗೆಯ ಅರ್ಥ ಹೇಳಿದ್ದಾರೆ. ಧ್ಯಾನದಲ್ಲೋ ಸಮಾಧಿಯಂಥ ಸ್ಥಿತಿಯಲ್ಲೋ ಮನಸ್ಸನ್ನು ದೇಹದಿಂದ ಹೊರಗೆ ಕಳುಹಿಸುವ ಮಾಂತ್ರಿಕನ ಆತಂಕವಿದು ಎಂಬುದು ಅವುಗಳಲ್ಲೊಂದು.

ಐಸ್‌ಲೆಂಡಿನ ಕವಿಯೂ ರಾಜಕಾರಣಿಯೂ ಆಗಿದ್ದ ಸ್ನೋರಿ ಸ್ಟರ್ಲುಸನ್ (1179-1241) ಸುಮಾರು 1220ರಲ್ಲಿ ಬರೆದ ‘ಗದ್ಯ ಎಡ್ಡಾ’ದಲ್ಲಿ ಚಿತ್ರ ಇನ್ನಷ್ಟು ಸ್ಪಷ್ಟವಾಗಿದೆ. ಕಾಗೆಗಳೆರಡೂ ಓಡಿನ್‌ನ ಹೆಗಲ ಮೇಲೆ ಕುಳಿತು, ಕಂಡದ್ದನ್ನೂ ಕೇಳಿದ್ದನ್ನೂ ಆತನ ಕಿವಿಯಲ್ಲಿ ಉಸುರುತ್ತವೆ. ನಸುಕಿನಲ್ಲಿ ಹೊರಟು ಲೋಕವನ್ನೆಲ್ಲ ಸುತ್ತಿ ಬೆಳಗಿನ ಊಟದ ಹೊತ್ತಿಗೆ ಮರಳುತ್ತವೆ. ಓಡಿನ್‌ಗೆ ‘ಕಾಗೆಗಳ ದೇವರು’ ಎಂಬ ಬಿರುದು ಬಂದದ್ದು ಇದರಿಂದ. ‘ಇಂಗ್ಲಿಂಗ’ ಎಂಬ ಐತಿಹ್ಯದಲ್ಲಿ ಆ ಕಾಗೆಗಳಿಗೆ ಮಾತು ಕಲಿಸಿದವನೂ ಓಡಿನ್‌ನೇ.

ನಗರದ ಸುದ್ದಿಮನೆಯಲ್ಲಿ ಕುಳಿತವರಿಗೆ ಇದರಲ್ಲೊಂದು ತಮಾಷೆ ಕಾಣದಿರದು. ಓಡಿನ್ ಕಾಗೆ ಹಾರಿಸಿದರೆ ನಿಜವಾದ ಸುದ್ದಿ ಬರುತ್ತದೆ. ಕನ್ನಡದಲ್ಲಿ ‘ಕಾಗೆ ಹಾರಿಸುವುದು’ ಎಂದರೆ ಸುಳ್ಳು ಹಬ್ಬಿಸುವುದು.

ಈ ಕಥೆಗಳು ನಮಗೆ ಉಳಿದು ಬಂದದ್ದೇ ಒಂದು ಆಕಸ್ಮಿಕ. ಐಸ್‌ಲೆಂಡ್ ಕ್ರಿ.ಶ. 1000ದ ಸುಮಾರಿಗೆ ಕ್ರೈಸ್ತ ಧರ್ಮವನ್ನು ಸ್ವೀಕರಿಸಿತು. ಅದಾಗಿ ಎರಡು ಶತಮಾನಗಳ ಬಳಿಕ ಬರೆದ ಸ್ನೋರಿ ತಾನೂ ಕ್ರೈಸ್ತನೇ. ಹಳೆಯ ಕಾವ್ಯದ ಸಂಕೇತಗಳು ಹೊಸ ಕವಿಗಳಿಗೆ ಅರ್ಥವಾಗದೆ ಹೋಗಬಾರದೆಂದು ಆತ ಪುರಾಣವನ್ನು ದಾಖಲಿಸಿದ. ಪದ್ಯ ಎಡ್ಡಾದ ಬಹುಭಾಗವನ್ನು ಉಳಿಸಿಕೊಟ್ಟದ್ದು ಸುಮಾರು 1270ರಲ್ಲಿ ಬರೆದ, ಈಗ 45 ಹಾಳೆಗಳಷ್ಟೇ ಉಳಿದಿರುವ ಒಂದು ಚರ್ಮದ ಹಸ್ತಪ್ರತಿ. 1643ರಲ್ಲಿ ಬಿಷಪ್ ಒಬ್ಬರ ಕೈಸೇರಿದ ಈ ಪ್ರತಿ ಮುಂದೆ ಡೆನ್ಮಾರ್ಕಿನ ದೊರೆಗೆ ಕಾಣಿಕೆಯಾಗಿ ಹೋಯಿತು. ಐಸ್‌ಲೆಂಡಿಗೆ ಮರಳಿದ್ದು 1971ರಲ್ಲಿ. ಆ ಕಟ್ಟು ಕಳೆದುಹೋಗಿದ್ದರೆ ಇಂದಿನ ಆಟಗಳ ಕಥಾಲೇಖಕರಿಗೆ ಬಂಡವಾಳ ಬಹಳ ಕಡಿಮೆಯಾಗುತ್ತಿತ್ತು.

ಆಟದಲ್ಲಿ ಕಾಗೆಯ ಕೆಲಸ

2002ರಲ್ಲಿ ಬಂದ ‘ಏಜ್ ಆಫ್ ಮಿಥಾಲಜಿ’ಯನ್ನು ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟೆಂದು ಹಣ ತೆತ್ತು ಆಡಿದ ತಲೆಮಾರಿಗೆ ಅದರ ಕಾಗೆಗಳು ನೆನಪಿರಬಹುದು. ಓಡಿನ್‌ನನ್ನು ಮುಖ್ಯ ದೇವರಾಗಿ ಆರಿಸಿಕೊಂಡ ಆಟಗಾರನಿಗೆ ಎರಡು ಕಾಗೆಗಳು ಸಿಗುತ್ತವೆ. ಅವು ಯುದ್ಧ ಮಾಡುವುದಿಲ್ಲ. ಶತ್ರುವಿನ ನೆಲದ ಮೇಲೆ ಹಾರಿ ಅಲ್ಲಿ ಏನಿದೆ ಎಂದು ತೋರಿಸುತ್ತವೆ. ಸತ್ತರೂ ಮತ್ತೆ ಹುಟ್ಟಿ ಬರುತ್ತವೆ. ಮೂಲಕ್ಕೆ ಬಹಳ ಹತ್ತಿರವಾದ ಕಲ್ಪನೆಯೇನೋ ಹೌದು. ಆದರೆ ಸತ್ತ ಕಾಗೆ ಮರಳಿ ಬರುವುದು ಖಚಿತವಾದ ಮೇಲೆ ಓಡಿನ್‌ನ ಭಯಕ್ಕೆ ಸ್ಥಾನವೆಲ್ಲಿ? ಈ ಆಟದ ಹೊಸ ಆವೃತ್ತಿ 2024ರಲ್ಲಿ ಬಿಡುಗಡೆಯಾಗಿದೆ.

2020ರ ‘ಅಸ್ಯಾಸಿನ್ಸ್ ಕ್ರೀಡ್ ವಲ್ಹಲ್ಲಾ’ದಲ್ಲಿ ಈವೋರ್ ಎಂಬ ವೈಕಿಂಗ್ ಯೋಧನ ಕಾಗೆಗೆ ಸೈನಿನ್ ಎಂದು ಹೆಸರು. ದೃಷ್ಟಿ ಎಂಬರ್ಥದ ಹಳೆಯ ನಾರ್ಸ್ ಶಬ್ದದಿಂದ ಬಂದದ್ದು. ಆಟಗಾರನು ಕಾಗೆಯ ಕಣ್ಣಿನಿಂದಲೇ ನೆಲವನ್ನು ನೋಡುತ್ತಾನೆ. ಇದೇ ಸರಣಿಯ ಈಜಿಪ್ಟ್ ಮತ್ತು ಗ್ರೀಸಿನ ಆಟಗಳಲ್ಲಿ ಇದೇ ಕೆಲಸಕ್ಕೆ ಹದ್ದುಗಳಿದ್ದವು. ದೇಶ ಬದಲಾದಂತೆ ಹಕ್ಕಿ ಬದಲಾಯಿತು, ಅಷ್ಟೆ. ‘ಸ್ಮೈಟ್’ ಎಂಬ ಆಟದಲ್ಲಿ ಓಡಿನ್‌ನ ಒಂದು ಶಕ್ತಿಗೆ ಕಾಗೆಯ ಹೆಸರನ್ನಿಡಲಾಗಿದೆ.

ಹೆಚ್ಚು ಚರ್ಚೆಗೆ ಅರ್ಹವಾದದ್ದು ‘ಗಾಡ್ ಆಫ್ ವಾರ್’. 2022ರ ನವೆಂಬರ್‌ನಲ್ಲಿ ಬಂದ ಅದರ ಮುಂದಿನ ಭಾಗ ‘ರಾಗ್ನರಾಕ್’ನಲ್ಲಿ ಉರುಳಿಸಬೇಕಾದ ಕಾಗೆಗಳು 48. ಇವು ಓಡಿನ್‌ಗೆ ಬಲಿಯಾದ ಮಕ್ಕಳ ಆತ್ಮಗಳೆಂದು ಆಟ ಹೇಳುತ್ತದೆ. ಹಿಮಲೋಕದ ಮರವೊಂದರಲ್ಲಿ ಅವುಗಳಿಗೆ ನೆಲೆ. ಹೀಗೆ ಕಾಗೆಯನ್ನು ಹೊಡೆಯುವುದೆಂದರೆ ಒಂದು ಜೀವಕ್ಕೆ ಬಿಡುಗಡೆ ಕೊಟ್ಟಂತೆ. ಮನ ಕಲಕುವ ಕಲ್ಪನೆ, ಸಂದೇಹವಿಲ್ಲ. ಆದರೆ ಎರಡು ಎಡ್ಡಾಗಳಲ್ಲಿ ಎಲ್ಲಿಯೂ ಕಾಗೆಗಳು ಮಕ್ಕಳ ಆತ್ಮಗಳಲ್ಲ. ಹಾಗೆಂದು ಇದು ಪೂರಾ ನಿರಾಧಾರವೂ ಅಲ್ಲ: ಓಡಿನ್‌ಗೆ ‘ನೇಣಿಗೇರಿದವರ ದೇವರು’ ಎಂಬ ಹೆಸರಿದೆ, ಆತನೇ ಒಂಬತ್ತು ರಾತ್ರಿ ಮರದಲ್ಲಿ ನೇತಾಡಿ ಜ್ಞಾನ ಪಡೆದ ಕಥೆಯಿದೆ, ಸ್ವೀಡನ್ನಿನ ಉಪ್ಸಾಲಾದಲ್ಲಿ ಮನುಷ್ಯರನ್ನೂ ಪ್ರಾಣಿಗಳನ್ನೂ ಮರಗಳಿಗೆ ನೇತುಹಾಕಿ ಬಲಿ ಕೊಡುತ್ತಿದ್ದರೆಂದು 11ನೇ ಶತಮಾನದ ಜರ್ಮನ್ ಪಾದ್ರಿ ಬ್ರೆಮನ್ನಿನ ಆಡಮ್ ಬರೆದಿಟ್ಟಿದ್ದಾನೆ. ಚದುರಿದ ಈ ಎಳೆಗಳನ್ನು ಸ್ಟುಡಿಯೋ ಒಂದಾಗಿ ಹೊಸೆದಿದೆ. ಕಣ್ಣಿನ ಕಥೆಯಲ್ಲಿ ಮಾತ್ರ ಅದು ಮೂಲವನ್ನು ತಲೆಕೆಳಗು ಮಾಡಿತು. ಪುರಾಣದಲ್ಲಿ ಜ್ಞಾನದ ಬಾವಿಯ ನೀರಿಗಾಗಿ ಓಡಿನ್ ತನ್ನ ಒಂದು ಕಣ್ಣನ್ನೇ ಮಿಮಿರ್‌ಗೆ ಒತ್ತೆಯಿಡುತ್ತಾನೆ. ಆಟದಲ್ಲಿ ಆತ ಮಿಮಿರ್‌ನ ಕಣ್ಣನ್ನು ಕಿತ್ತುಕೊಂಡವನು. ಕೊಟ್ಟವನು ಕಸಿದವನಾದ.

ದೇವನೂರಿನ ನಿದರ್ಶನ

ಮೂಲಕ್ಕೆ ಹೀಗೆ ಹೊಸದನ್ನು ಸೇರಿಸಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಕನ್ನಡದ ಓದುಗ ದೂರ ಹೋಗಬೇಕಿಲ್ಲ. ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನ ದೇವನೂರು ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ಊರೆಂದು ಪ್ರಸಿದ್ಧ. ಆತನ ಆರಾಧ್ಯದೈವವಾದ ಲಕ್ಷ್ಮೀರಮಣನ ದೇವಾಲಯ ಅಲ್ಲಿದೆ. ಸುಮಾರು 16ನೇ ಶತಮಾನದವನೆಂದು ಹೇಳಲಾಗುವ ಈ ಕವಿ 34 ಸಂಧಿಗಳ ತನ್ನ ವಾರ್ಧಕ ಷಟ್ಪದಿಯ ಕಾವ್ಯಕ್ಕೆ ಆರಿಸಿಕೊಂಡದ್ದು ವ್ಯಾಸರ ಭಾರತವನ್ನಲ್ಲ, ಜೈಮಿನಿಯ ಹೆಸರಿನಲ್ಲಿರುವ ಅಶ್ವಮೇಧ ಪರ್ವವನ್ನು. ವ್ಯಾಸಭಾರತದ ಅಶ್ವಮೇಧ ಪರ್ವದಲ್ಲಿ ಬಭ್ರುವಾಹನ ಇದ್ದಾನೆ. ಕಾದ ಎಣ್ಣೆಯ ಕೊಪ್ಪರಿಗೆಗೆ ಬಿದ್ದು ಬದುಕಿದ ಸುಧನ್ವ ಇಲ್ಲ, ಚಂದ್ರಹಾಸನೂ ಇಲ್ಲ. ಆದರೂ ಕನ್ನಡ ನಾಡಿನ ಗಮಕಿಗಳೂ ಯಕ್ಷಗಾನದ ಮೇಳಗಳೂ ಇವರನ್ನು ತಲೆಮಾರುಗಳಿಂದ ಮನೆಯವರಂತೆ ಕಂಡಿವೆ.

ಇಂದಿನ ಆಟಗಾರನೊಬ್ಬ ಜೈಮಿನಿ ಭಾರತವನ್ನು ಓದಿದರೆ ಅದರ ಕಟ್ಟು ಪರಿಚಿತವೆನಿಸೀತು. ಯಜ್ಞದ ಕುದುರೆ ತನ್ನಿಚ್ಛೆಯಂತೆ ನಾಡಿನಿಂದ ನಾಡಿಗೆ ಅಲೆಯುತ್ತದೆ, ಅರ್ಜುನ ಅದರ ಬೆನ್ನು ಹತ್ತುತ್ತಾನೆ. ಪ್ರತಿ ರಾಜ್ಯದಲ್ಲಿ ಹೊಸ ಎದುರಾಳಿ, ಹೊಸ ನಿಯಮ, ಹೊಸ ಸಂಕಟ. ಒಂದು ಕೊಳದಲ್ಲಿ ಕುದುರೆ ಹೆಣ್ಣಾಗುತ್ತದೆ, ಇನ್ನೊಂದರಲ್ಲಿ ಹುಲಿಯಾಗುತ್ತದೆ. ‘ಗಾಡ್ ಆಫ್ ವಾರ್’ನ ನಡುವೆ ಇರುವುದು ತಂದೆ-ಮಗನ ಬಿಕ್ಕಟ್ಟು, ಅರ್ಜುನ-ಬಭ್ರುವಾಹನರದ್ದೂ ಅದೇ. ಇದನ್ನು ರಾಜ್ಯದ ಮನೆಮನೆಗೆ ಮುಟ್ಟಿಸಿದ್ದು ಹುಣಸೂರು ಕೃಷ್ಣಮೂರ್ತಿಯವರ 1977ರ ‘ಬಬ್ರುವಾಹನ’ ಚಿತ್ರ. ತಂದೆ ಮಗ ಎರಡೂ ಪಾತ್ರಗಳಲ್ಲಿ ಡಾ. ರಾಜಕುಮಾರ್ ಅಭಿನಯಿಸಿದ್ದನ್ನು ಮರೆತ ಕನ್ನಡಿಗರು ವಿರಳ.

ಹಾಗಿದ್ದಲ್ಲಿ ಓಡಿನ್‌ನ ಕಾಗೆಗಳನ್ನು 48 ಮಾಡಿದ್ದಕ್ಕೆ ಆಕ್ಷೇಪಣೆ ಏಕೆ? ವ್ಯತ್ಯಾಸ ಒಂದೇ. ಲಕ್ಷ್ಮೀಶನ ಕೇಳುಗರಿಗೆ ಪಂಪನೋ ಕುಮಾರವ್ಯಾಸನೋ, ಇಲ್ಲವೇ ಅಜ್ಜಿಯ ಬಾಯಿಂದ ಕೇಳಿದ ಭಾರತವೋ ಮೊದಲೇ ಗೊತ್ತಿತ್ತು; ಕವಿ ಎಲ್ಲಿ ದಾರಿ ಬದಲಿಸಿದ ಎಂಬುದು ಅವರಿಗೆ ತಿಳಿಯುತ್ತಿತ್ತು, ಅದನ್ನು ಸವಿಯುತ್ತಲೂ ಇದ್ದರು. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ‘ರಾಗ್ನರಾಕ್’ ಆಡುವ ಹುಡುಗನಿಗೆ ಓಡಿನ್‌ನ ಮೊದಲ ಪರಿಚಯವೇ ಆಟ. ಅವನ ಪಾಲಿಗೆ ಸ್ಟುಡಿಯೋದ ಸೇರ್ಪಡೆಯೇ ಪುರಾಣ.

ನಮ್ಮ ಕಾಗೆಗಳು

ಓಡಿನ್‌ನ ಕಾಗೆಯನ್ನು ವಿದೇಶಿ ವಿಚಿತ್ರವೆಂದು ತಿಳಿಯಬೇಕಿಲ್ಲ. ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಸೀತೆ ಹನುಮಂತನಿಗೆ ಕಾಗೆಯೊಂದರ ಪ್ರಸಂಗವನ್ನು ಹೇಳುತ್ತಾಳೆ. ತನ್ನನ್ನು ಕುಕ್ಕಿದ ಕಾಗೆಯ ಮೇಲೆ ರಾಮ ದರ್ಭೆಯನ್ನೇ ಬ್ರಹ್ಮಾಸ್ತ್ರವಾಗಿ ಪ್ರಯೋಗಿಸಿದ್ದು, ಮೂರು ಲೋಕ ಸುತ್ತಿದರೂ ಆಶ್ರಯ ಸಿಗದ ಕಾಗೆ ಬಲಗಣ್ಣನ್ನು ಕೊಟ್ಟು ಪ್ರಾಣ ಉಳಿಸಿಕೊಂಡದ್ದು ಎಲ್ಲರಿಗೂ ಗೊತ್ತು. ಆ ಕಥೆಯನ್ನು ಆಕೆ ಹೇಳಿದ್ದು ಏಕೆಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ತಾವಿಬ್ಬರೇ ಬಲ್ಲ ಈ ಘಟನೆಯನ್ನು ಕೇಳಿದರೆ ಹನುಮಂತ ನಿಜವಾಗಿ ತನ್ನನ್ನು ಕಂಡನೆಂದು ರಾಮ ನಂಬುತ್ತಾನೆ ಎಂಬ ಕಾರಣಕ್ಕೆ ಅದು ಗುರುತಿನ ಕಥೆ. ದೂರದಲ್ಲಿರುವವನಿಗೆ ನೆನಪನ್ನು ಮುಟ್ಟಿಸುವ ಕಾಗೆ ಇಲ್ಲೂ ಇದೆ. ಸಂಸ್ಕೃತದಲ್ಲಿ ಕಾಗೆಗೆ ಏಕಾಕ್ಷ ಎಂಬ ಹೆಸರಿದೆ. ಒಂದೇ ಮಾತು ಎರಡು ಕಡೆ ಅನ್ವಯವಾದರೆ ಪಂಡಿತರು ‘ಕಾಕಾಕ್ಷಿಗೋಲಕ ನ್ಯಾಯ’ ಎನ್ನುತ್ತಾರೆ. ಒಕ್ಕಣ್ಣ ದೇವರ ಹೆಗಲ ಮೇಲೆ ಕಾಗೆ ಅಲ್ಲಿ, ಒಕ್ಕಣ್ಣ ಕಾಗೆಯೇ ಇಲ್ಲಿ. ಒಂದರಿಂದ ಇನ್ನೊಂದು ಬಂತೆಂದು ಹೇಳಲು ಆಧಾರವಿಲ್ಲ. ಹೋಲಿಕೆ ಮಾತ್ರ ಕುತೂಹಲಕರ.

ಮುನಿನ್‌ಗೆ ಇನ್ನೂ ಹತ್ತಿರದ ಬಂಧು ಯೋಗವಾಸಿಷ್ಠದ ಭುಶುಂಡ. ಮೇರುಪರ್ವತದ ಕಲ್ಪವೃಕ್ಷದಲ್ಲಿ ವಾಸಿಸುವ ಈ ಮುದಿಕಾಗೆ ಸೃಷ್ಟಿ ಪ್ರಳಯಗಳು ಮತ್ತೆ ಮತ್ತೆ ಆದದ್ದನ್ನು ಕಂಡು ನೆನಪಿಟ್ಟುಕೊಂಡಿದೆ. ವಸಿಷ್ಠರೇ ಅದರ ಬಳಿಗೆ ಹೋಗಿ ಕೇಳುತ್ತಾರೆ.

ಪಿತೃಪಕ್ಷದಲ್ಲಿ ಕಾಗೆಗೆ ಪಿಂಡ ಇಡುವುದೇಕೆ ಎಂಬುದಕ್ಕೆ ರಾಮಾಯಣದ ಉತ್ತರಕಾಂಡದಲ್ಲಿ ಒಂದು ಕಥೆಯಿದೆ. ಮರುತ್ತ ರಾಜನ ಯಜ್ಞಕ್ಕೆ ರಾವಣ ನುಗ್ಗಿದಾಗ ದೇವತೆಗಳು ಹಕ್ಕಿ ಪ್ರಾಣಿಗಳ ರೂಪದಲ್ಲಿ ಅಡಗಿದರು. ಇಂದ್ರ ನವಿಲಾದ, ಯಮ ಕಾಗೆಯಾದ. ಅಪಾಯ ಕಳೆದ ಮೇಲೆ ಯಮ ಕಾಗೆಗೆ ವರವಿತ್ತ: ನೀನು ತೃಪ್ತನಾದರೆ ನನ್ನ ಲೋಕದಲ್ಲಿರುವವರೂ ತೃಪ್ತರಾಗುತ್ತಾರೆ. ಎಡೆ ಇಟ್ಟು, ಕಾಗೆ ಮುಟ್ಟುವ ತನಕ ಊಟಕ್ಕೆ ಕೂರದೆ ಮಹಡಿಯ ಮೇಲೆ ಕಣ್ಣಿಟ್ಟು ನಿಲ್ಲುವ ಮನೆಯವರ ಕಾತರಕ್ಕೂ ಓಡಿನ್‌ನ ಕಾತರಕ್ಕೂ ಎಲ್ಲೋ ಸಂಬಂಧವಿದೆ ಎನ್ನಿಸುತ್ತದೆ. ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ಕಾಗೆಯನ್ನು ಹುಡುಕಿಕೊಂಡು ಹೋಗಬೇಕಾದವರು ಇದನ್ನು ಚೆನ್ನಾಗಿ ಬಲ್ಲರು.

ಇದೇ ಹಕ್ಕಿ ಶನಿಯ ವಾಹನವೂ ಆಗಿರುವುದರಿಂದ ಭಯವೂ ಜೊತೆಗಿದೆ. 2016ರ ಜೂನ್‌ನಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಕಾರಿನ ಮೇಲೆ ಕಾಗೆ ಕುಳಿತ ದೃಶ್ಯ ಟಿ.ವಿ. ವಾಹಿನಿಗಳಲ್ಲಿ ಭಾರೀ ಚರ್ಚೆಗೆ ಗ್ರಾಸವಾಯಿತು. ಬಳಿಕ ಹೊಸ ಕಾರು ಬಂದಾಗ ಅದಕ್ಕೂ ಕಾಗೆಗೂ ಸಂಬಂಧವಿಲ್ಲವೆಂದು ಅವರು ಸ್ಪಷ್ಟಪಡಿಸಬೇಕಾಯಿತು. ಬಸವಣ್ಣನವರಾದರೋ ಒಂದಗುಳನ್ನೂ ಬಳಗವನ್ನು ಕರೆದು ತಿನ್ನುವ ಕಾಗೆಯನ್ನು ಭಕ್ತರಿಗೆ ಮಾದರಿಯಾಗಿ ತೋರಿಸಿದ್ದರು.

ದಾರಿ ತೋರುವ ಕಾಗೆಯ ವಿಚಾರದಲ್ಲಿ ಎರಡೂ ನಾಡುಗಳ ಅನುಭವ ಒಂದೇ. ಐಸ್‌ಲೆಂಡಿಗೆ ಹೋದ ಮೊದಲಿಗರಲ್ಲಿ ಒಬ್ಬನಾದ ಫ್ಲೋಕಿ ಎಂಬಾತ ಹಡಗಿನಲ್ಲಿ ಮೂರು ಕಾಗೆಗಳನ್ನು ಒಯ್ದನೆಂದು ಅಲ್ಲಿನ ಗ್ರಂಥ ಹೇಳುತ್ತದೆ. ಬಿಟ್ಟ ಮೊದಲ ಕಾಗೆ ಬಂದ ದಿಕ್ಕಿಗೇ ಹಾರಿಹೋಯಿತು, ಎರಡನೆಯದು ಮೇಲೇರಿ ಹಡಗಿಗೇ ಮರಳಿತು, ಮೂರನೆಯದು ಮುಂದೆ ಹಾರಿ ನೆಲವನ್ನು ತೋರಿಸಿತು. ಬೌದ್ಧರ ದೀಘನಿಕಾಯದಲ್ಲಿ ವರ್ತಕರು ದಡ ಕಾಣುವ ಹಕ್ಕಿಯನ್ನು ಹಡಗಿನಲ್ಲಿ ಒಯ್ಯುವ ಪ್ರಸ್ತಾಪವಿದೆ. ದಡ ಕಂಡರೆ ಹೋಗುತ್ತದೆ, ಕಾಣದಿದ್ದರೆ ಮರಳುತ್ತದೆ. ಬಾವೇರು ಜಾತಕದಲ್ಲಿ ವರ್ತಕರು ಹಡಗಿನಲ್ಲಿ ಕೊಂಡೊಯ್ದದ್ದು ಕಾಗೆಯನ್ನೇ. ಸಮುದ್ರದ ನಡುವೆ ಹಕ್ಕಿ ಮರಳಿ ಬಂದರೆ ಅದು ಕೆಟ್ಟ ಸುದ್ದಿ ಎಂಬುದು ಗಮನಾರ್ಹ. ಓಡಿನ್‌ನ ಲೆಕ್ಕಕ್ಕೆ ತದ್ವಿರುದ್ಧ.

ಪೂಜೆ ಮತ್ತು ಆಟ

ಪೂಜೆಗೊಳ್ಳುವ ದೇವರು ಆಟದ ಗೊಂಬೆಯಾದಾಗ ವಿವಾದ ಏಳುವುದು ಸಹಜ. ಹೈದರಾಬಾದಿನ ಆರೋನಾ ಟೆಕ್ನಾಲಜೀಸ್ 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಸಿದ್ಧಪಡಿಸಿದ ‘ಹನುಮಾನ್: ಬಾಯ್ ವಾರಿಯರ್’ಗೂ, 2012ರಲ್ಲಿ ‘ಸ್ಮೈಟ್’ನಲ್ಲಿ ಕಾಳಿಯನ್ನು ಚಿತ್ರಿಸಿದ ಬಗೆಗೂ ಅಮೆರಿಕದ ಹಿಂದೂ ಮುಖಂಡ ರಾಜನ್ ಝೆಡ್ ಆಕ್ಷೇಪಣೆ ಎತ್ತಿದ್ದರು. ಕಾಳಿಯನ್ನು ಆಟದಿಂದ ಕೈಬಿಡಲಿಲ್ಲ. ಓಡಿನ್‌ನ ಪರವಾಗಿ ಅಂಥ ಗದ್ದಲ ಕೇಳಿಬರದ್ದಕ್ಕೆ ಆತ ‘ಸತ್ತ ದೇವರು’ ಎಂಬ ಭಾವನೆ ಕಾರಣವಿರಬಹುದು. ಆದರೆ ಅದೂ ಪೂರ್ಣ ಸತ್ಯವಲ್ಲ. ಐಸ್‌ಲೆಂಡಿನಲ್ಲಿ ಹಳೆಯ ದೇವತೆಗಳ ಆರಾಧಕರು 1972ರಲ್ಲಿ ಸಂಘ ಕಟ್ಟಿಕೊಂಡರು; 1973ರಲ್ಲಿ ಸರ್ಕಾರ ಅದನ್ನು ಅಧಿಕೃತ ಧರ್ಮವಾಗಿ ಮಾನ್ಯ ಮಾಡಿತು.

ಇನ್ನು ಕಾಗೆಗೆ ಆಲೋಚನೆ, ನೆನಪು ಎಂಬ ಹೆಸರಿಟ್ಟವರು ಹಕ್ಕಿಯನ್ನು ಸರಿಯಾಗಿಯೇ ನೋಡಿದ್ದರು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರೇವನ್‌ಗಳು ಮುಂದೆ ಬೇಕಾಗುವ ಸಲಕರಣೆಯನ್ನು ಇಂದೇ ಆರಿಸಿ ಇಟ್ಟುಕೊಂಡವು. ಅದಕ್ಕಾಗಿ ಕಣ್ಣೆದುರಿನ ಸಣ್ಣ ತಿನಿಸನ್ನು ಬಿಟ್ಟವು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಅವರ ತಂಡ 2006ರಲ್ಲಿ ಆದಿಮಾನವನ ಮುಖವಾಡ ಧರಿಸಿ ಸಿಯಾಟಲ್ ಆವರಣದ ಏಳು ಕಾಗೆಗಳನ್ನು ಹಿಡಿದು, ಉಂಗುರ ತೊಡಿಸಿ ಬಿಟ್ಟಿತು. ಅಂದಿನಿಂದ ಆ ಮುಖವಾಡ ಕಂಡಾಗಲೆಲ್ಲ ಕಾಗೆಗಳು ಕೂಗಿ ಮುತ್ತತೊಡಗಿದವು. ಹೋಲಿಕೆಗಾಗಿ ತೊಟ್ಟ ಇನ್ನೊಂದು ಮುಖವಾಡ ಅಂದಿನ ಉಪಾಧ್ಯಕ್ಷ ಡಿಕ್ ಚೆನಿ ಅವರದ್ದು. ಅದನ್ನು ಕಂಡು ಅವು ಸುಮ್ಮನಿದ್ದವು. ವರ್ಷಗಳು ಕಳೆದಂತೆ ಆದಿಮಾನವನನ್ನು ಬೈಯುವ ಕಾಗೆಗಳ ಸಂಖ್ಯೆ ಕಡಿಮೆಯಾಗಲಿಲ್ಲ, ಹೆಚ್ಚಿತು. ಸೆರೆ ಸಿಕ್ಕದ ಕಾಗೆಗಳೂ ಬಲ್ಲವರಿಂದ ಕಲಿತು ದನಿಗೂಡಿಸಿದ್ದವು.